ಹಳೇ ಕಾರಿಗೆ ಫ್ಯಾನ್ ಹಾಕಿಸುವ ಮೊದಲು ಡೈನಮೋ ಕಡೆ ನೋಡಿ

ಟ್ರಾಫಿಕ್‌ನಲ್ಲಿ ಹಳೇ ಕಾರು ಹೀಟ್ ಆದರೆ ಸಾಕು, ಎಲ್ಲರ ಸಲಹೆಯೂ ಒಂದೇ: "ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಬಿಡಿ." ಸರಿ, ಹಾಕಿಸೋಣ. ಅದಕ್ಕೆ ಕರೆಂಟ್ ಎಲ್ಲಿಂದ ತರುವುದು? ಹಳೇ ಕಾರಿನಲ್ಲಿ ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವುದು ಡೈನಮೋ.

ಲೆಕ್ಕ ಹಾಕಿ ನೋಡಿ. 1950–60ರ ದಶಕದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿರುವ ಲ್ಯೂಕಾಸ್ ಸಿ40 ಡೈನಮೋ ಕೊಡುವುದೇ ಹೆಚ್ಚೆಂದರೆ 22–25 ಆಂಪಿಯರ್. ಅದೂ ಇಂಜಿನ್ ಚೆನ್ನಾಗಿ ತಿರುಗುತ್ತಿದ್ದಾಗ ಮಾತ್ರ. ಐಡಲ್‌ನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಮೆಲ್ಲಗೆ ತಿರುಗುತ್ತಿರುವಾಗ, ಹೆಚ್ಚೂಕಡಿಮೆ ಏನೂ ಬರುವುದಿಲ್ಲ. ಒಂದು ಫ್ಯಾನ್ 10–15 ಆಂಪಿಯರ್ ಎಳೆಯುತ್ತದೆ, ಹೆಡ್‌ಲೈಟ್ ಇನ್ನೊಂದು 8–10, ಮಳೆ ಬಂದರೆ ವೈಪರ್ ಬೇರೆ. ರಾತ್ರಿ ಮಳೆಯಲ್ಲಿ, ಒಂದಿಂಚೂ ಸರಿಯದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಫ್ಯಾನ್ ಬೇಕಾಗುವುದೂ ಆಗಲೇ, ಡೈನಮೋ ಕೈಕೊಡುವುದೂ ಆಗಲೇ. ಕೂಲಿಂಗ್ ಒಬ್ಬರ ಹತ್ತಿರ, ವೈರಿಂಗ್ ಇನ್ನೊಬ್ಬರ ಹತ್ತಿರ ಅಂತ ಬೇರೆ ಬೇರೆಯಾಗಿ ಮಾಡಿಸಿದರೆ ಆಗುವುದೇ ಹೀಗೆ. ಎರಡನ್ನೂ ಒಂದೇ ಕೆಲಸ ಅಂತ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಮಾತು. ಈ ಕಾರುಗಳು ಹೊಸದಾಗಿದ್ದಾಗ ಹೀಗೆ ಕುದಿಯುತ್ತಿರಲಿಲ್ಲ. ಖಾಲಿ ರಸ್ತೆಯಲ್ಲಿ ಮುಂದಿನಿಂದ ಗಾಳಿ ಬರುತ್ತಲೇ ಇರುತ್ತಿತ್ತು ಅನ್ನುವುದು ನಿಜ, ಆದರೆ ಪೂರ್ತಿ ಕಾರಣ ಅದೊಂದೇ ಅಲ್ಲ. ಆಗ ಒಳಗೆ ತುಕ್ಕೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಇಂಜಿನ್ ಬ್ಲಾಕ್‌ನ ತಳದಲ್ಲಿ, ಅದರಲ್ಲೂ ಹಿಂದಿನ ಸಿಲಿಂಡರ್ ಸುತ್ತ, ತುಕ್ಕು ಮತ್ತು ಕೆಸರು ಕೂತಿರುತ್ತದೆ. ಬ್ಲಾಕ್‌ನ ಡ್ರೈನ್ ಪ್ಲಗ್ ಬಿಚ್ಚಿದರೆ ಎಷ್ಟೋ ಸಲ ಒಂದು ಹನಿ ನೀರೂ ಬರುವುದಿಲ್ಲ, ತಂತಿ ಹಾಕಿ ಚುಚ್ಚಿದ ಮೇಲೆ ಕೆಂಪು ಕೆಸರು ಇಳಿಯುತ್ತದೆ. ರೇಡಿಯೇಟರ್ ಟ್ಯೂಬುಗಳೂ ಅರ್ಧಕ್ಕರ್ಧ ಕಟ್ಟಿಕೊಂಡಿರುತ್ತವೆ. ಇದನ್ನೆಲ್ಲ ಹಾಗೇ ಬಿಟ್ಟು ಹೊರಗಿನಿಂದ ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಸುಮ್ನೆ ದುಡ್ಡು ದಂಡ. ಮೊದಲು ಬ್ಲಾಕ್ ತೊಳೆಸಿ, ರೇಡಿಯೇಟರ್ ಬಿಚ್ಚಿಸಿ ಸ್ವಚ್ಛ ಮಾಡಿಸಿ, ವಾಟರ್ ಪಂಪ್‌ನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆದಿದೆಯಾ ನೋಡಿ, ಹೋಸ್‌ಗಳನ್ನು ಬದಲಿಸಿ. ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಕೂಡ ನೋಡಿಸಿ. ಟೈಮಿಂಗ್ ಹಿಂದೆ ಬಿದ್ದರೂ ಇಂಜಿನ್ ಹೀಟ್ ಆಗುತ್ತದೆ, ಪಾಪ ರೇಡಿಯೇಟರ್ ಮೇಲೆ ಅಪವಾದ ಬರುತ್ತದೆ.

ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಕಿತ್ತು ಬಿಸಾಡಿ ಅನ್ನುವವರ ಮಾತು ಮಾತ್ರ ದಯವಿಟ್ಟು ಕೇಳಬೇಡಿ. ಇಂಜಿನ್ ಸರಿಯಾದ ಬಿಸಿಗೆ ಬರದಿದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಂತೂ ತೆರೆದ ಥರ್ಮೋಸ್ಟಾಟೇ ಬೈಪಾಸ್ ದಾರಿಯನ್ನು ಮುಚ್ಚಬೇಕು. ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ, ಕಾರು ಇನ್ನೂ ಜಾಸ್ತಿ ಹೀಟ್ ಆಗುತ್ತದೆ.

ರೇಡಿಯೇಟರ್ ಕ್ಯಾಪ್ ವಿಷಯದಲ್ಲೂ ಎಚ್ಚರ ಇರಲಿ. ಒಳಗಿನ ಒತ್ತಡ ಹಿಡಿದಿಡುವುದು ಅದೇ. 7 ಪಿಎಸ್‌ಐ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 111 ಡಿಗ್ರಿ ಸೆಲ್ಸಿಯಸ್‌ಗೆ. ಒತ್ತಡ ಹೆಚ್ಚಿದಷ್ಟೂ ಒಳ್ಳೇದು ಅಂತ ಹಳೇ ರೇಡಿಯೇಟರ್‌ಗೆ ಹೊಸ ಕಾರಿನ ಕ್ಯಾಪ್ ಹಾಕಿದರೆ ಬೆಸುಗೆ ಬಿಡುತ್ತದೆ. ಫೋರ್ಡ್ ಮಾಡೆಲ್ ಟಿ ಥರದ ಕಾರುಗಳಲ್ಲಿ ಒತ್ತಡದ ವ್ಯವಸ್ಥೆಯೇ ಇಲ್ಲ, ಅಲ್ಲಿ ಒತ್ತಡದ ಕ್ಯಾಪ್ ಹಾಕಲೇಬಾರದು. ಕೂಲಂಟ್ ಕೂಡ ಹಿತ್ತಾಳೆ-ತಾಮ್ರದ ರೇಡಿಯೇಟರ್‌ಗೆ ಹೊಂದುವಂಥದ್ದೇ ಆಗಿರಲಿ, ಜೊತೆಗೆ ಡಿಸ್ಟಿಲ್ಡ್ ವಾಟರ್. ಇಂಜಿನ್ನೇ ತಿರುಗಿಸುವ ಹಳೇ ಫ್ಯಾನ್ ಸುತ್ತ ಒಂದು ತಗಡಿನ ಶ್ರೌಡ್ (ಗಾಳಿ ರೇಡಿಯೇಟರ್ ಮೂಲಕವೇ ಬರುವಂತೆ ಮಾಡುವ ಕವಚ) ಹಾಕಿದರೆ ಐಡಲ್‌ನಲ್ಲಿ ಎಷ್ಟು ಫರಕ್ ಬೀಳುತ್ತದೆ ಅಂತ ಮಾಡಿ ನೋಡಿದವರಿಗೆ ಗೊತ್ತು. ಅದಕ್ಕೆ ಒಂದು ಆಂಪಿಯರ್ ಕೂಡ ಬೇಡ!

ಇಷ್ಟಾದ ಮೇಲೂ ಟೆಂಪರೇಚರ್ ಮುಳ್ಳು ಮೇಲೇರುತ್ತಿದ್ದರೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿ. ಆದರೆ ಡೈನಮೋ ಬದಲು ಆಲ್ಟರ್ನೇಟರ್ ಕೂಡ ಜೊತೆಗೇ ಹಾಕಿಸಿ. ಅದು ಐಡಲ್‌ನಲ್ಲೂ ಕರೆಂಟ್ ಕೊಡುತ್ತದೆ. ಇಲ್ಲಿ ಎರಡು ಅಪಾಯ ಇವೆ. ಒಂದು, ಆ ಕಾಲದ ಹಲವು ಕಾರುಗಳು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹಕ್ಕೆ ಸೇರಿರುತ್ತದೆ. ಅದನ್ನು ನೆಗೆಟಿವ್‌ಗೆ ಬದಲಿಸದೆ ಸಾಮಾನ್ಯ ಆಲ್ಟರ್ನೇಟರ್ ಜೋಡಿಸಿದರೆ ಅದರ ಡಯೋಡ್‌ಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಎರಡನೆಯದು ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸುವಂಥದ್ದು. ಡ್ಯಾಶ್‌ಬೋರ್ಡ್‌ನಲ್ಲಿರುವ ಹಳೇ ಆಂಮೀಟರ್ (ಕರೆಂಟ್ ಅಳೆಯುವ ಮೀಟರ್) ಮೂಲಕ ಚಾರ್ಜಿಂಗ್ ಕರೆಂಟ್ ಪೂರ್ತಿ ಹಾದುಹೋಗುತ್ತದೆ. 30 ಆಂಪಿಯರ್‌ನ ಮೀಟರ್‌ಗೆ 45 ಆಂಪಿಯರ್‌ನ ಆಲ್ಟರ್ನೇಟರ್ ಜೋಡಿಸಿದರೆ ಸ್ಟೀರಿಂಗ್ ಹಿಂದೆಯೇ ವೈರ್ ಬಿಸಿಯಾಗುತ್ತದೆ, ಬೆಂಕಿಯೂ ಹತ್ತಬಹುದು. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ದಪ್ಪ ವೈರ್ ನೇರವಾಗಿ ಎಳೆದು, ಅದಕ್ಕೂ ಒಂದು ಫ್ಯೂಸ್ ಹಾಕಿಸಲೇಬೇಕು.

ಹೆಡ್‌ಲೈಟ್‌ಗೆ ರಿಲೇ (ಹಳೇ ಸ್ವಿಚ್ಚಿನ ಬದಲು ತಾನೇ ಬ್ಯಾಟರಿಯಿಂದ ನೇರ ಕರೆಂಟ್ ಬಿಡುವ ಸ್ವಿಚ್) ಹಾಕುವುದು ನನ್ನ ಪ್ರಕಾರ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗ ಕೊಡುವ ಕೆಲಸ. ಹಳೇ ಸ್ವಿಚ್, ಸಣ್ಣ ವೈರ್, ತುಕ್ಕು ಹಿಡಿದ ಅರ್ತಿಂಗ್ ದಾಟುವಷ್ಟರಲ್ಲಿ ವೋಲ್ಟೇಜ್ ಸೋರಿಹೋಗಿರುತ್ತದೆ. ಬಲ್ಬಿಗೆ ಸೇರುವ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಕಡಿಮೆಯಾಗುತ್ತದೆ. ರಿಲೇ ಹಾಕಿ, ಅರ್ತಿಂಗ್ ಉಜ್ಜಿ ಬಿಗಿ ಮಾಡಿದರೆ ಅದೇ ಬಲ್ಬು ಬೇರೆಯೇ ಬೆಳಕು ಕೊಡುತ್ತದೆ. ಹ್ಯಾಲೊಜೆನ್ ರಿಫ್ಲೆಕ್ಟರ್ ಒಳಗೆ ಎಲ್‌ಇಡಿ ತುರುಕಬೇಡಿ, ಎದುರಿನಿಂದ ಬರುವವರ ಕಣ್ಣು ಕುಕ್ಕುತ್ತದೆ.

ಒರಿಜಿನಲ್ ಕೆಡುತ್ತದೆ ಅನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ, ನನಗೂ ಆ ಪ್ರೀತಿ ಇದೆ. ಅದಕ್ಕೇ ಕಾರಿನ ಮೈಗೆ ಹೊಸ ತೂತು ಕೊರೆಯಬೇಡಿ ಅನ್ನುತ್ತೇನೆ. ಡೈನಮೋ ರೂಪದ ಕವಚದೊಳಗೇ ಇರುವ ಆಲ್ಟರ್ನೇಟರ್‌ಗಳೂ ಸಿಗುತ್ತವೆ. ಬಿಚ್ಚಿದ ಹಳೇ ಭಾಗಗಳನ್ನೆಲ್ಲ ಎಣ್ಣೆ ಸವರಿ, ಚೀಟಿ ಕಟ್ಟಿ ಎತ್ತಿಡಿ. ಆದರೆ ಬಟ್ಟೆ ಸುತ್ತಿದ ಹಳೇ ವೈರ್ ಪುಡಿಪುಡಿಯಾಗಿ ಉದುರುತ್ತಿದ್ದರೆ ಅದನ್ನು ಒರಿಜಿನಲ್ ಅಂತ ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹಳೇ ಕಾರಿನ ಎರಡೇ ಎರಡು ಫ್ಯೂಸ್ ನಂಬಿಕೊಂಡು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗಬೇಕಾ, ನೀವೇ ಹೇಳಿ. ಹೊಸ ಲೂಮ್ (ಕಾರಿನ ಇಡೀ ವೈರಿಂಗ್ ಕಟ್ಟು) ಹಾಕಿಸಿ, ಒಂದು ಬ್ಯಾಟರಿ ಕಟ್-ಆಫ್ ಸ್ವಿಚ್ ಇರಲಿ. ಏನೇನು ಬದಲಿಸಿದಿರಿ, ಯಾವ ಬಣ್ಣದ ವೈರ್ ಎಲ್ಲಿಗೆ ಹೋಗುತ್ತದೆ, ಯಾವ ಫ್ಯೂಸ್ ಯಾವುದಕ್ಕೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕಾರಿನಲ್ಲೇ ಇಡಿ. ಮುಂದೆ ಆ ಕಾರಿಗೆ ಕೈ ಹಾಕುವವರು ನಿಮ್ಮನ್ನು ಕೇಳಲು ಆಗುವುದಿಲ್ಲ ಅಲ್ವಾ?