ಎರಡು-ಮೂರಕ್ಕೂ ಒಂದು ಪಾಲು

ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡುವ ಮನೆಯಲ್ಲಿ ಬೆಳೆದವರಿಗೆ ಇಸ್ಪೀಟಿನ ಎರಡರಿಂದ ಆರರವರೆಗಿನವು ಎಲೆಗಳೇ ಅಲ್ಲ. ಆಟ ಶುರುವಾಗುವ ಮೊದಲೇ ಅವನ್ನು ಹೆಕ್ಕಿ ಬದಿಗೆ ಹಾಕುತ್ತೇವೆ; ಹೆಚ್ಚೆಂದರೆ ಸೋಲು-ಗೆಲುವಿನ ಲೆಕ್ಕ ಇಡಲು ಬಳಸುತ್ತೇವೆ. ಉಳಿದ 32 ಎಲೆಗಳಲ್ಲಿ ಗುಲಾಮನೇ ದೊಡ್ಡವನು, ಅವನಿಗೆ 3 ಅಂಕ. ಒಂಬತ್ತಕ್ಕೆ 2. ರಾಜ-ರಾಣಿಯರಿಗೆ ಸೊನ್ನೆ. ಅರಸೊತ್ತಿಗೆಯನ್ನೇ ಇಷ್ಟು ಸಲೀಸಾಗಿ ಕಿತ್ತೊಗೆದ ಆಟವೂ ಎರಡು-ಮೂರರ ಕಡೆ ತಿರುಗಿ ನೋಡಲಿಲ್ಲ.

ಕಳೆದ ಆಟಿ ತಿಂಗಳ ಮಳೆಗಾಲದಲ್ಲಿ, ಹಡಗಿನ ಕೆಲಸದಿಂದ ರಜೆಗೆ ಬಂದ ಸೋದರಳಿಯ ಉಡುಪಿಯ ನಮ್ಮ ಚಾವಡಿಯಲ್ಲಿ ಅವುಗಳಿಗೂ ಪಾಲು ಕೊಡಿಸಿದ. ಮಳೆಗೆ ಕರೆಂಟು ಹೋಗಿತ್ತು. ಆಟದ ಹೆಸರು ಒಮಾಹ ಹೈ-ಲೋ, ಪೋಕರಿನ ಒಂದು ಕವಲು. "ದುಡ್ಡಿಟ್ಟು ಆಡುವುದಾದರೆ ಚಾವಡಿಯಿಂದ ಇಳಿಯಿರಿ" ಎಂದರು ಚಿಕ್ಕಮ್ಮ. ಉಲಾಯಿ-ಪಿದಾಯಿ (ಅಂದರ್-ಬಾಹರ್) ಜೂಜಾಡಿ ಸಿಕ್ಕಿಬಿದ್ದವರ ಸುದ್ದಿಯನ್ನು ಅವರು ಪತ್ರಿಕೆಯಲ್ಲಿ ತಪ್ಪದೆ ಓದುತ್ತಾರೆ. ಹಾಗಾಗಿ ಚೆನ್ನೆಮಣೆಯ ಮಂಜೊಟ್ಟಿ ಬೀಜಗಳು ಹೊರಬಂದವು. 14 ಗುಳಿಗೆ ನಾಲ್ಕರಂತೆ 56 ಬೀಜ. ನಾಲ್ವರಿಗೆ ತಲಾ 14.

ಪ್ರತಿಯೊಬ್ಬರ ಕೈಗೂ ನಾಲ್ಕು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೆ ಒಂದು, ಮತ್ತೊಂದು. ಆರಂಭದಲ್ಲೂ ಪ್ರತಿ ಹಂತದಲ್ಲೂ ಪಣ. ಕೊನೆಗೆ ಕೈಯಿಂದ ಎರಡು, ನೆಲದಿಂದ ಮೂರು ಸೇರಿಸಿ ಐದರ ಜೋಡಣೆ ಮಾಡಬೇಕು. ಎರಡೆಂದರೆ ಎರಡೇ. ಬ್ಯಾಂಕಿನಿಂದ ನಿವೃತ್ತರಾದ ಭಾವ ಎಡವಿದ್ದು ಇಲ್ಲಿಯೇ. ನೆಲದಲ್ಲಿ ನಾಲ್ಕು ಆಟೀನು, ತನ್ನ ಕೈಯಲ್ಲಿ ಆಟೀನಿನ ಎಕ್ಕ ಒಂದೇ. ಐದೂ ಒಂದೇ ಜಾತಿಯೆಂದು ಬೀಜಗಳನ್ನು ಬಾಚಿಕೊಳ್ಳಲು ಕೈ ಚಾಚಿದರು. ಕೈಯಲ್ಲಿ ಇನ್ನೊಂದು ಆಟೀನು ಇಲ್ಲದೆ ಅದು ನಡೆಯದು ಎಂದಾಗ, ಎರಡನೆಯ ಸಹಿ ಇಲ್ಲದ ಚೆಕ್ಕನ್ನು ತಾನೇ ಎಷ್ಟೋ ಬಾರಿ ಹಿಂದಿರುಗಿಸಿದ್ದನ್ನು ಮರೆತು ವಾದಕ್ಕಿಳಿದರು.

ರಾಶಿಯ ಅರ್ಧ ಅತಿ ಮೇಲಿನ ಜೋಡಣೆಗೆ, ಇನ್ನರ್ಧ ಅತಿ ಕೆಳಗಿನದಕ್ಕೆ. ಆದರೆ ಕೆಳಗಿನವನಾಗಲೂ ಅರ್ಹತೆ ಬೇಕು. ಐದು ಎಲೆಗಳೂ ಎಂಟು ಅಥವಾ ಅದಕ್ಕಿಂತ ಚಿಕ್ಕವಾಗಿರಬೇಕು, ಒಂದೂ ಜೋಡಿಯಾಗಬಾರದು. ನೆಲದಲ್ಲಿ ಅಂಥ ಮೂರು ಬೇರೆ ಬೇರೆ ಎಲೆಗಳು ಬೀಳದಿದ್ದರೆ ಪಾಲಿನ ಮಾತೇ ಇಲ್ಲ, ಇಡೀ ರಾಶಿ ಮೇಲಿನವನಿಗೆ. ಕೆಳಗಿನದನ್ನು ಅಳೆಯುವುದು ದೊಡ್ಡ ಎಲೆಯಿಂದ: 7-6-5-4-3 ಇದ್ದವನು 8-4-3-2-ಎಕ್ಕ ಇದ್ದವನನ್ನು ಸೋಲಿಸುತ್ತಾನೆ. ಇದು ನನಗೆ ಇಂದಿಗೂ ಸರಿಯೆನಿಸಿಲ್ಲ. ಎಕ್ಕನಂತೂ ಎರಡೂ ದೋಣಿಯಲ್ಲಿ ಕಾಲಿಟ್ಟು ಮುಳುಗದವನು. ಎಕ್ಕದಿಂದ ಐದರವರೆಗಿನ ಸಾಲು ಕೆಳಗಿನವುಗಳಲ್ಲಿ ಎಲ್ಲಕ್ಕಿಂತ ಉತ್ತಮ; ಮೇಲಿನ ಲೆಕ್ಕದಲ್ಲೂ ಅದು ಸಾಲೇ ಆದ್ದರಿಂದ ಕೆಲವೊಮ್ಮೆ ಎರಡೂ ಪಾಲನ್ನು ಹೊತ್ತೊಯ್ಯುತ್ತದೆ.

ನನ್ನ ಕೈಗೆ ಎಕ್ಕ, ಎರಡು ಬಂದಿದ್ದವು. ನೆಲದಲ್ಲಿ 4, 7, 8 ಮತ್ತು ಇಬ್ಬರು ರಾಜರು. ಅರ್ಧ ರಾಶಿ ನನ್ನದೇ ಎಂದು ಎಂಟು ಬೀಜ ಇಟ್ಟೆ. ಸೋದರಳಿಯನೂ ಚಿಕ್ಕಮ್ಮನೂ ಎಂಟೆಂಟು ಇಟ್ಟರು. ಭಾವ ಮೊದಲೇ ಎಲೆ ಮಗುಚಿದ್ದರು. ರಾಶಿ 24. ಚಿಕ್ಕಮ್ಮ ಮೆಲ್ಲಗೆ ಮೂರನೆಯ ರಾಜನನ್ನೂ ಇನ್ನೊಂದು ಎಂಟನ್ನೂ ತೋರಿಸಿ 12 ಬೀಜ ಎಳೆದುಕೊಂಡರು. ಸೋದರಳಿಯ ನಗುತ್ತಾ ಎಲೆ ಬಿಡಿಸಿದ. ಅವನಲ್ಲೂ ಎಕ್ಕ, ಎರಡು! ಉಳಿದ ಅರ್ಧದಲ್ಲಿ ಮತ್ತೆ ಅರ್ಧ, ತಲಾ ಆರು. ಎಂಟು ಕೊಟ್ಟು ಆರು ಪಡೆದಿದ್ದೆ.

"ಗೆದ್ದೆಯೋ, ಸೋತೆಯೋ?" ಎಂದು ಭಾವ ಕೇಳಿದರು.

"ಗೆದ್ದೆ" ಎಂದೆ. ನಿಯಮದ ಪ್ರಕಾರ ಅದು ನಿಜ. ಕುಟುಂಬದ ಆಸ್ತಿ ಪಾಲಾದಾಗ ವಕೀಲರ ಶುಲ್ಕ ಕಟ್ಟಿ ಮನೆಗೆ ಬಂದ ದೊಡ್ಡಪ್ಪನೂ ಹೀಗೆಯೇ ಹೇಳಿದ್ದರಂತೆ.

ಅಂಥ ಅರ್ಧಕ್ಕಾಗಿ ಆಡಬಾರದು, ಎರಡೂ ಕಡೆ ಹೋಗಬಲ್ಲ ಎಲೆ ಬಂದರೆ ಮಾತ್ರ ಕೂರಬೇಕು ಎಂದು ಸೋದರಳಿಯ ವಿವರಿಸತೊಡಗಿದ. ಅಷ್ಟರಲ್ಲಿ ಚಿಕ್ಕಮ್ಮ ಬೀಜಗಳನ್ನೆಲ್ಲ ಚೆನ್ನೆಮಣೆಗೆ ಸುರಿದು, ಇಸ್ಪೀಟಿನ ಕಟ್ಟನ್ನು ಮಡಿಲಿಗೆಳೆದುಕೊಂಡು, ಎರಡು, ಮೂರು, ನಾಲ್ಕು, ಐದು, ಆರುಗಳನ್ನು ಒಂದೊಂದಾಗಿ ಹೆಕ್ಕಿ ಬದಿಗೆ ಹಾಕತೊಡಗಿದ್ದರು.