ಪ್ರೊಸೀಜರ್ ಒಳಗೂ ಇಂಜೆಕ್ಷನ್ ನುಗ್ಗುತ್ತದೆ

ಗಂಗಾವತಿಯ ರೈಸ್ ಮಿಲ್, ರಾಯಚೂರಿನ ಹತ್ತಿ ಜಿನ್ನಿಂಗ್, ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಿಗೆ ಬಿಲ್ಲಿಂಗ್, ತೂಕದ ಸಾಫ್ಟ್‌ವೇರ್ ಬರೆದುಕೊಡುವವರಿಗೆ ಈ ಮಾತು. "ಎಲ್ಲಾ ಕ್ವೆರಿ ಸ್ಟೋರ್ಡ್ ಪ್ರೊಸೀಜರ್‌ನ್ಯಾಗ ಇಟ್ಟೀವಿ, ಇನ್ನ ಇಂಜೆಕ್ಷನ್ ಎಲ್ಲಿಂದ ಬರ್ತದ?" ಅನ್ನುವ ಧೈರ್ಯ ಬೇಡ. ಸ್ಟೋರ್ಡ್ ಪ್ರೊಸೀಜರ್ ಅಂದರೆ ಡೇಟಾಬೇಸ್ ಒಳಗೇ ಉಳಿಸಿಟ್ಟ ಕೋಡ್; ಇಂಜೆಕ್ಷನ್ ಅಂದರೆ ಹೊರಗಿನವರು ಕೊಟ್ಟ ಪಠ್ಯ ಕ್ವೆರಿಯ ಭಾಗವಾಗಿ ಓಡಿಬಿಡುವುದು. ಪ್ರೊಸೀಜರ್ ಒಳಗೆ ಸ್ಟ್ರಿಂಗ್ ಜೋಡಿಸಿ ಕ್ವೆರಿ ಕಟ್ಟಿದರೆ ತೂತು ಡೇಟಾಬೇಸ್ ಒಳಗೇ ಇರುತ್ತದೆ.

ಈ ತೂತು ಹೆಚ್ಚಾಗಿ ಸಿಗುವ ಜಾಗ ಆರ್ಡರ್ ಬೈ, ಅಂದರೆ ಸಾಲುಗಳ ಕ್ರಮ ಹೇಳುವ ಭಾಗ. ತೂಕದ ಚೀಟಿಗಳನ್ನು ಲಾರಿ ನಂಬರ್ ಪ್ರಕಾರವೋ ದಿನಾಂಕದ ಪ್ರಕಾರವೋ ತೋರಿಸಬೇಕು. ಕಾಲಂ ಹೆಸರನ್ನು ಪ್ಯಾರಾಮೀಟರ್ ಆಗಿ (ಕ್ವೆರಿಯಿಂದ ಬೇರೆಯಾದ ಮೌಲ್ಯವಾಗಿ) ಬೈಂಡ್ ಮಾಡಲು ಬರುವುದಿಲ್ಲ, ಹಾಗಾಗಿ ಸ್ಕ್ರೀನ್‌ನಿಂದ ಬಂದ ಹೆಸರನ್ನು ನೇರ ಅಂಟಿಸಿಬಿಡುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಬೆಲೆ, ನಂಬರ್, ಹೆಸರಿನಂಥ ಮೌಲ್ಯಗಳನ್ನು ಕ್ವೆರಿ ಓಡಿಸುವ ಎಕ್ಸಿಕ್ಯೂಟ್ ಜೊತೆ ಯೂಸಿಂಗ್ ಹಾಕಿ ಕಳಿಸಿ. ಕಾಲಂ ಹೆಸರಿಗೆ ಫಾರ್ಮ್ಯಾಟ್ ಫಂಕ್ಷನ್‌ನ ಹೆಸರನ್ನು ಕೋಟ್ ಮಾಡಿ ಸೇರಿಸುವ ಪರ್ಸೆಂಟ್ ಐ ಇದೆ. ಅದಕ್ಕಿಂತ ಒಳ್ಳೆಯದು, ಒಪ್ಪುವ ನಾಲ್ಕೈದು ಕಾಲಂಗಳನ್ನು ಕೇಸ್‌ನಲ್ಲಿ ಬರೆದು ಉಳಿದದ್ದನ್ನು ತಿರಸ್ಕರಿಸುವುದು. ಪಠ್ಯವನ್ನು ಹಾಗೇ ಅಂಟಿಸುವ ಪರ್ಸೆಂಟ್ ಎಸ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಎಸ್‌ಪಿ_ಎಕ್ಸಿಕ್ಯೂಟ್‌ಎಸ್‌ಕ್ಯೂಎಲ್ ಬಳಸಿದರೂ, ಅದಕ್ಕೆ ಕೊಡುವ ಸ್ಟ್ರಿಂಗನ್ನು ಮೊದಲೇ ಜೋಡಿಸಿದ್ದರೆ ಅಷ್ಟೇ ಅಪಾಯ.

"ಕೋಟ್ ಎಸ್ಕೇಪ್ ಮಾಡ್ತೀವಿ" (ಕೋಟ್ ಚಿಹ್ನೆ ಸ್ಟ್ರಿಂಗ್ ಮುಗಿಸದಂತೆ ಬದಲಿಸ್ತೀವಿ) ಅನ್ನುವವರು 2025ರ ಫೆಬ್ರವರಿಯಲ್ಲಿ ಹೊರಬಿದ್ದ ಭದ್ರತಾ ದೋಷ ಸಿವಿಇ-2025-1094 ನೋಡಲೇಬೇಕು. ಪೋಸ್ಟ್‌ಗ್ರೆಸ್‌ನ ಲಿಬ್‌ಪಿಕ್ಯೂ ಲೈಬ್ರರಿಯ (ಅಪ್ಲಿಕೇಶನ್ ಡೇಟಾಬೇಸ್ ಜೊತೆ ಮಾತಾಡಲು ಬಳಸುವುದು) ಎಸ್ಕೇಪ್ ಫಂಕ್ಷನ್‌ಗಳಲ್ಲೇ ದೋಷವಿತ್ತು. ಯುಟಿಎಫ್-8 ನಿಯಮಕ್ಕೆ ಹೊಂದದ ಬೈಟ್ ಬಂದರೆ, ಉದಾಹರಣೆಗೆ ಸಿ0 ಬೈಟ್‌ನ ನಂತರ ಕೂಡಲೇ ಸಿಂಗಲ್ ಕೋಟ್ ಇದ್ದರೆ, ಎರಡನ್ನೂ ಒಂದೇ ಅಕ್ಷರವೆಂದು ಎಣಿಸಿ ಕೋಟನ್ನು ಹಾಗೇ ಬಿಟ್ಟುಬಿಡುತ್ತಿದ್ದವು. ಆ ಪಠ್ಯ ಪೋಸ್ಟ್‌ಗ್ರೆಸ್‌ನ ಕಮ್ಯಾಂಡ್ ಲೈನ್ ಆದ ಪಿಎಸ್‌ಕ್ಯೂಎಲ್ ಟೂಲ್‌ಗೆ ಹೋದಾಗ ಅದೇ ಕೋಟ್ ಸ್ಟ್ರಿಂಗನ್ನು ಮುಗಿಸುತ್ತಿತ್ತು. ಮುಂದೆ ಬ್ಯಾಕ್‌ಸ್ಲ್ಯಾಶ್ ಮತ್ತು ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಆಪರೇಟಿಂಗ್ ಸಿಸ್ಟಮ್ ಕಮ್ಯಾಂಡೇ ಓಡುತ್ತಿತ್ತು! ಪರಿಹಾರ 17.3, 16.7, 15.11, 14.16, 13.19 ಆವೃತ್ತಿಗಳಲ್ಲಿ ಬಂತು. ಅವುಗಳಲ್ಲಿ ಹೊಸ ತೊಡಕು ಕಂಡು ಒಂದು ವಾರದಲ್ಲೇ 17.4, 16.8, 15.12, 14.17, 13.20 ಬಿಟ್ಟರು. ಕನಿಷ್ಠ ಅಲ್ಲಿಗಾದರೂ ಏರಿಸಿ. ಸರ್ವರ್ ಒಂದನ್ನೇ ಏರಿಸಿದರೆ ಸಾಲದು, ಲಿಬ್‌ಪಿಕ್ಯೂ ಇರುವುದು ಅಪ್ಲಿಕೇಶನ್ ಓಡುವ ಕಂಪ್ಯೂಟರ್‌ನಲ್ಲಿ. ಪೈಥಾನ್‌ನ ಸೈಕಾಪ್‌ಜಿ2-ಬೈನರಿ ತನ್ನದೇ ಪ್ರತಿ ಹೊತ್ತು ಬರುತ್ತದೆ, ಅದನ್ನು ಬೇರೆಯಾಗಿ ಏರಿಸಬೇಕು.

ನನ್ನನ್ನು ಹೆಚ್ಚು ಕಾಡುವುದು ಅಧಿಕಾರದ ವಿಷಯ. ಸಣ್ಣ ಅಪ್ಲಿಕೇಶನ್‌ಗೂ ಎಲ್ಲಾ ಅಧಿಕಾರವಿರುವ ಸೂಪರ್‌ಯೂಸರ್ ಖಾತೆಯನ್ನೇ (ಪೋಸ್ಟ್‌ಗ್ರೆಸ್‌ನಲ್ಲಿ ಪೋಸ್ಟ್‌ಗ್ರೆಸ್ ಯೂಸರ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎಸ್‌ಎ ಯೂಸರ್) ಕೊಟ್ಟುಬಿಡುವುದು ದೊಡ್ಡ ತಪ್ಪು. ಪೋಸ್ಟ್‌ಗ್ರೆಸ್‌ನ ಸೂಪರ್‌ಯೂಸರ್ ಕೈಗೆ ಸಿಕ್ಕರೆ ಕಾಪಿ ಟು ಪ್ರೋಗ್ರಾಂ ಮೂಲಕ ಸರ್ವರ್ ಮೇಲೆ ಯಾವ ಕಮ್ಯಾಂಡ್ ಬೇಕಾದರೂ ಓಡಿಸಬಹುದು. ಸೆಕ್ಯುರಿಟಿ ಡಿಫೈನರ್ ಎಂದು ಬರೆದ ಫಂಕ್ಷನ್ ಅದರ ಮಾಲೀಕನ ಅಧಿಕಾರದಲ್ಲೇ ಓಡುತ್ತದೆ, ಆದ್ದರಿಂದ ಅಂಥವುಗಳಲ್ಲಿ ಸರ್ಚ್_ಪಾತ್ (ಹೆಸರುಗಳನ್ನು ಹುಡುಕುವ ಸ್ಕೀಮಾಗಳ ಪಟ್ಟಿ) ಅನ್ನು ಕಡ್ಡಾಯವಾಗಿ ನಿಗದಿ ಮಾಡಿ. ಪಬ್ಲಿಕ್ ಸ್ಕೀಮಾದಲ್ಲಿ ಎಲ್ಲರಿಗೂ ಇದ್ದ ಕ್ರಿಯೇಟ್ ಅನುಮತಿಯನ್ನು ಪೋಸ್ಟ್‌ಗ್ರೆಸ್‌ನ 15ನೇ ಆವೃತ್ತಿ ತೆಗೆದುಹಾಕಿತು, ಆದರೆ ಹಳೆಯದರಿಂದ ಅಪ್‌ಗ್ರೇಡ್ ಮಾಡಿದ ಡೇಟಾಬೇಸ್‌ನಲ್ಲಿ ಆ ಅನುಮತಿ ಹಾಗೇ ಉಳಿದಿರುತ್ತದೆ. ಅದನ್ನು ಹಿಂಪಡೆಯುವ ರಿವೋಕ್ ಆಜ್ಞೆ ನೀವೇ ಕೊಡಬೇಕು.

ಹುಡುಕಲು ಶುರು ಮಾಡುವುದು ಸುಲಭ. ಪೋಸ್ಟ್‌ಗ್ರೆಸ್ ತನ್ನ ಫಂಕ್ಷನ್‌ಗಳನ್ನು ಇಟ್ಟುಕೊಳ್ಳುವ ಪಿಜಿ_ಪ್ರಾಕ್ ಟೇಬಲ್‌ನ ಪ್ರೊಎಸ್‌ಆರ್‌ಸಿ ಕಾಲಂನಲ್ಲಿ ಎಕ್ಸಿಕ್ಯೂಟ್ ಪದ ಇರುವ ಫಂಕ್ಷನ್‌ಗಳನ್ನು ತೆಗೆಯಿರಿ, ಪಕ್ಕದಲ್ಲಿ ಎರಡು ನಿಂತ ಗೆರೆಯ ಜೋಡಣೆ ಚಿಹ್ನೆ ಕಂಡರೆ ಮೊದಲು ಅದನ್ನೇ ಓದಿ. ಎಸ್‌ಕ್ಯೂಎಲ್ ಸರ್ವರ್ ಇದ್ದವರು ಸಿಸ್.ಎಸ್‌ಕ್ಯೂಎಲ್_ಮಾಡ್ಯೂಲ್ಸ್‌ನಲ್ಲಿ ಹುಡುಕಬೇಕು.