ಊತ ಬಂದರೆ ಉಸಿರೆತ್ತಬೇಡಿ

1983ರಲ್ಲಿ ಲಾಸ್ ವೇಗಸ್‌ನಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಮ್ಮೇಳನ ನಡೆದಿತ್ತು. ಬ್ರಿಟನ್ನಿನ ವಿಜ್ಞಾನಿ ಜೈಲ್ಸ್ ಬ್ರಿಂಡ್ಲಿ ಸಡಿಲವಾದ ಟ್ರ್ಯಾಕ್‌ಸೂಟು ತೊಟ್ಟು ವೇದಿಕೆ ಹತ್ತಿದರು. ರಕ್ತನಾಳ ಹಿಗ್ಗಿಸುವ ಔಷಧವನ್ನು ಶಿಶ್ನಕ್ಕೆ ಚುಚ್ಚಿದರೆ ಅದು ನಿಮಿರುತ್ತದೆ ಎಂಬುದು ಅವರ ವಾದ. ಚಿತ್ರಗಳನ್ನು ತೋರಿಸಿದರು. ಕಾಮೋದ್ರೇಕದಿಂದ ಹಾಗಾಗಿರಬಹುದಲ್ಲ ಎಂಬ ಅನುಮಾನ ಯಾರಿಗಾದರೂ ಉಳಿದೀತೆಂದು, ಭಾಷಣಕ್ಕೆ ಮುಂಚೆ ತಾವೇ ಚುಚ್ಚಿಕೊಂಡು ಬಂದಿರುವುದಾಗಿ ಹೇಳಿದರು. ಭಾಷಣ ಮಾಡುವಾಗ ಯಾರಿಗೆ ಕಾಮೋದ್ರೇಕವಾದೀತು? ಹೀಗೆಂದವರೇ ಪ್ಯಾಂಟು ಕೆಳಗಿಳಿಸಿದರು. ಅಷ್ಟೂ ಸಾಲದೆ, ಬೇಕಾದವರು ಮುಟ್ಟಿ ನೋಡಲಿ ಎಂದು ಸಭಿಕರ ಕಡೆಗೆ ಹೆಜ್ಜೆ ಹಾಕಿದರು. ಮುಂದಿನ ಸಾಲಿನಿಂದ ಚೀರಾಟ ಕೇಳಿದ ಮೇಲೆ ಹಿಂದೆ ಸರಿದರು.

ಆ ಅಂಗದ ವಿಷಯದಲ್ಲಿ ವೈದ್ಯರ ಮುಂದೆ ಇಷ್ಟು ನೇರವಾಗಿ ನಡೆದುಕೊಂಡ ಗಂಡಸು ಅವರೊಬ್ಬರೇ ಇರಬೇಕು. ಮಿಕ್ಕವರಿಗೆ ಬಾಗಿಲು ಹಾಕಿ, ಪರದೆ ಎಳೆದು, ಕೈಗವಸು ತೊಟ್ಟು ಕೂತ ಒಬ್ಬರೇ ಒಬ್ಬ ವೈದ್ಯರಿಗೆ ತೋರಿಸುವುದೂ ಆಗದ ಮಾತು. ಅಲ್ಲಿ ಊತ ಬಂದರೆ ಅನುಸರಿಸಬೇಕಾದ ಕ್ರಮವನ್ನು ಗಂಡು ಕುಲ ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದೆ. ಎಲ್ಲೂ ಬರೆದಿಟ್ಟಿಲ್ಲವಾದರೂ ಯಾರೂ ತಪ್ಪುವುದಿಲ್ಲ.

ಮೊದಲನೆಯ ಚಿಕಿತ್ಸೆ, ನೋಡದಿರುವುದು. ತಾನಾಗಿ ಬಂದದ್ದು ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಒಳಉಡುಪು ಬಿಗಿಯಾಗಿದೆ ಎಂದರ್ಥ, ದೊಡ್ಡ ಅಳತೆಯದು ತರಿಸಿಕೊಂಡರಾಯಿತು. ಎರಡನೆಯದು ಸೋಪು. ತುದಿ ಕೆಂಪಗಾಗಿದೆ, ಮುಂದೊಗಲು ಬಾತಿದೆ, ಉರಿಯುತ್ತಿದೆ ಎಂದ ಮೇಲೆ ಅದು ಕೊಳೆಯೇ ಇರಬೇಕೆಂದು ತೀರ್ಮಾನಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಉಜ್ಜುವುದು. ಅಷ್ಟಕ್ಕೂ ಬಗ್ಗದಿದ್ದರೆ ನೆಲ ಒರೆಸುವ ಕ್ರಿಮಿನಾಶಕದ ನಾಲ್ಕು ಹನಿ. ಈ ಊತವನ್ನು ವೈದ್ಯರು ಬ್ಯಾಲನೈಟಿಸ್ ಎನ್ನುತ್ತಾರೆ. ಅದರ ಕಾರಣಗಳಲ್ಲಿ ತೊಳೆಯದಿರುವುದೂ ಇದೆ, ಸೋಪು ಹಾಕಿ ಅತಿಯಾಗಿ ತೊಳೆಯುವುದೂ ಇದೆ. ನಮ್ಮ ವೀರ ಒಂದೇ ವಾರದಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಬಡ್ತಿ ಪಡೆದಿರುತ್ತಾನೆ. ಬರಿಯ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ತೇವ ಒಣಗಿಸಿ, ಸೋಪು ದೂರವಿಟ್ಟರೆ ಎಷ್ಟೋ ಸಲ ಅರ್ಧ ಕೆಲಸ ಮುಗಿದಂತೆ. ಕಾಂಡೋಮಿನ ಲೇಟೆಕ್ಸು, ಜಾರಿಕೆಯ ಜೆಲ್ಲು, ಬಟ್ಟೆ ಒಗೆಯುವ ಪುಡಿ, ಇವೂ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಆದರೆ ಇಷ್ಟು ಸಪ್ಪೆ ಕಾರಣವನ್ನು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಹಳೆಯ ಪಾಪದ ಫಲವೋ ಯಾರದೋ ಶಾಪವೋ ಆಗಿದ್ದರೆ ಕೊರಗುವುದಕ್ಕಾದರೂ ಒಂದು ತೂಕವಿರುತ್ತಿತ್ತು.

ಮೂರನೆಯ ಹಂತದಲ್ಲಿ ಮೆಡಿಕಲ್ ಶಾಪ್. ಅಲ್ಲಿ ಹೆಂಗಸೊಬ್ಬರು ನಿಂತಿದ್ದರೆ ಕೆಮ್ಮಿನ ಸಿರಪ್ಪು ಕೊಂಡು ವಾಪಸ್ ಬರುವುದು ವಾಡಿಕೆ. ಗಂಡಸಿದ್ದರೆ, ‘ನನ್ನ ಸ್ನೇಹಿತನಿಗೆ’ ಎಂದು ಪೀಠಿಕೆ ಹಾಕಿ ‘ತುರಿಕೆಗೆ ಯಾವುದಾದರೂ ಮುಲಾಮು’ ಕೇಳುವುದು. ಎಲ್ಲಿ ತುರಿಕೆ ಎಂದು ಆತ ಕೇಳುವುದಿಲ್ಲ, ಈತ ಹೇಳುವುದಿಲ್ಲ. ಸ್ಟೀರಾಯ್ಡು, ಫಂಗಸ್ ಔಷಧ, ಆ್ಯಂಟಿಬಯಾಟಿಕ್ ಮೂರನ್ನೂ ಒಂದೇ ಟ್ಯೂಬಿನಲ್ಲಿ ಕಲಸಿದ ಸರ್ವರೋಗ ನಿವಾರಣಿ ಕೈ ಬದಲಾಗುತ್ತದೆ. ಕ್ಯಾಂಡಿಡಾ ಎಂಬ ಫಂಗಸ್ ಹಿಡಿದಿದ್ದರೆ ಸಾಮಾನ್ಯವಾಗಿ ಕ್ಲೋಟ್ರಿಮಜೋಲ್‌ನಂಥ ಒಂದು ಸಾದಾ ಮುಲಾಮು ಒಂದೆರಡು ವಾರಕ್ಕೆ ಸಾಕು. ಆದರೆ ತೀಕ್ಷ್ಣ ಸ್ಟೀರಾಯ್ಡನ್ನು ಹೇಳುವವರು ಕೇಳುವವರಿಲ್ಲದೆ ತಿಂಗಳುಗಟ್ಟಲೆ ಬಳಿದರೆ ಚರ್ಮ ತೆಳ್ಳಗಾಗುತ್ತದೆ, ಫಂಗಸ್ಸು ಮುಖ ಮರೆಸಿಕೊಂಡು ಹಬ್ಬುತ್ತದೆ. ಗೊನೋರಿಯಾ, ಸಿಫಿಲಿಸ್, ಹರ್ಪಿಸ್‌ನಂಥ ಲೈಂಗಿಕ ಸೋಂಕುಗಳು ಆ ಟ್ಯೂಬಿಗೆ ಸೊಪ್ಪು ಹಾಕುವುದೇ ಇಲ್ಲ. ಅವಕ್ಕೆ ಪರೀಕ್ಷೆ ಬೇಕು, ಸಂಗಾತಿಗೂ ಪರೀಕ್ಷೆ ಬೇಕು. ಊತ ಬಂದದ್ದನ್ನೇ ಹೇಳದವನು ಸಂಗಾತಿಗೆ ಪರೀಕ್ಷೆ ಮಾಡಿಸಿಕೋ ಎಂದು ಹೇಗೆ ಹೇಳಿಯಾನು?

ಈ ನಾಚಿಕೆಯನ್ನು ನೋಡಿ ಗಂಡಸರು ಸಂಕೋಚದ ಮುದ್ದೆಗಳು ಎಂದುಕೊಂಡೀರಿ. ಅದೇ ಅಂಗ ತೀರಾ ಆರೋಗ್ಯವಾಗಿದ್ದಾಗ ಅದನ್ನು ದೊಡ್ಡದು ಮಾಡಿಸಲು ಅವರು ತೋರುವ ಧೈರ್ಯವನ್ನು ಒಮ್ಮೆ ನೋಡಬೇಕು! ತೈಲ, ಗುಳಿಗೆ, ತೂಕ ಕಟ್ಟುವ ಪಟ್ಟಿ, ಗಾಳಿ ಹೀರುವ ಪಂಪು ಎಲ್ಲದಕ್ಕೂ ಗಿರಾಕಿಗಳಿದ್ದಾರೆ. ಪಂಪನ್ನು ಅಳತೆ ಮೀರಿ ಒತ್ತಿದರೆ ಗಾತ್ರ ಬರುವುದು ನಿಜ, ಅದಕ್ಕೆ ಊತವೆಂದೇ ಹೆಸರು. ಜೊತೆಗೆ ಚರ್ಮದಡಿ ರಕ್ತದ ಚುಕ್ಕೆಗಳು ಉಚಿತ. ಪ್ಯಾರಫಿನ್ನನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಸೂಜಿಯಲ್ಲಿ ತುಂಬಿ ಚರ್ಮದ ಕೆಳಗೆ ಚುಚ್ಚಿಕೊಳ್ಳುವವರೂ ಇದ್ದಾರೆ. ಆ ಎಣ್ಣೆ ಕರಗುವುದಿಲ್ಲ. ಗಂಟುಗಂಟಾಗಿ ಕಲ್ಲಿನಂತೆ ಕೂತು, ಹುಣ್ಣಾಗಿ, ಕೊನೆಗೆ ಆ ಚರ್ಮವನ್ನೇ ಕತ್ತರಿಸಿ ತೆಗೆದು ಬೇರೆ ಕಡೆಯ ಚರ್ಮದ ತೇಪೆ ಹಾಕಬೇಕಾಗುತ್ತದೆ. ‘ಸಂಪೂರ್ಣ ನೈಸರ್ಗಿಕ’ ಎಂದು ಬರೆದುಕೊಂಡ ಗುಳಿಗೆಗಳನ್ನು ಅಮೆರಿಕದ ಔಷಧ ನಿಯಂತ್ರಕರು ಪರೀಕ್ಷಿಸಿದಾಗ ಮತ್ತೆ ಮತ್ತೆ ಸಿಕ್ಕಿದ್ದು ಲೇಬಲ್ಲಿನಲ್ಲಿ ಹೆಸರಿಲ್ಲದ ಸಿಲ್ಡೆನಾಫಿಲ್, ಅಂದರೆ 1998ರಲ್ಲಿ ವಯಾಗ್ರ ಎಂದು ಮಾರುಕಟ್ಟೆಗೆ ಬಂದ ಔಷಧವೇ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವನು ಇದನ್ನೂ ನುಂಗಿದರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ದೊಡ್ಡದಾಗಲಿ ಎಂದು ಪ್ರಾಣ ಒತ್ತೆಯಿಡುವ ಇದೇ ಮನುಷ್ಯ, ಅದು ಒಂದು ದಿನ ತಾನಾಗಿ ದೊಡ್ಡದಾಗಿ ಕೂತರೆ ತುಟಿ ಹೊಲಿದುಕೊಳ್ಳುತ್ತಾನೆ.

ಉಂಗುರದವರ ಕತೆ ಇನ್ನೊಂದು. ಬಿಗುವು ನಿಲ್ಲಲಿ ಎಂದು ಬುಡಕ್ಕೆ ಲೋಹದ ಉಂಗುರ ತೊಡಿಸಿದ್ದಾಯಿತು. ರಕ್ತ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಬಾತಷ್ಟೂ ಉಂಗುರ ಕಚ್ಚುತ್ತದೆ, ಉಂಗುರ ಕಚ್ಚಿದಷ್ಟೂ ಬಾಯುತ್ತದೆ. ಇದು ಗಂಟೆಗಳ ಲೆಕ್ಕದ ಕೇಸು. ಆಸ್ಪತ್ರೆಯ ಉಪಕರಣಕ್ಕೆ ಲೋಹ ಜಗ್ಗದಿದ್ದರೆ ಅಗ್ನಿಶಾಮಕ ದಳದವರನ್ನು ಕರೆಸಿ ಕತ್ತರಿಸಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಒಬ್ಬ ವೈದ್ಯರಿಗೆ ತೋರಿಸಲು ನಾಚಿ ರಾತ್ರಿಯಿಡೀ ಕಾದವನು ಬೆಳಗಿನ ಜಾವ ಹೆಲ್ಮೆಟ್ ಧರಿಸಿದ ತಂಡಕ್ಕೇ ದರ್ಶನ ಕೊಡುತ್ತಾನೆ.

ಗಂಟೆಗಳ ಲೆಕ್ಕ ಎಂದಾಗ ನೆನಪಾಯಿತು. ನಿಮಿರುವಿಕೆ 4 ಗಂಟೆ ಮೀರಿದರೆ ತುರ್ತಾಗಿ ಆಸ್ಪತ್ರೆಗೆ ಹೋಗಿ ಎಂದು ಮಾತ್ರೆಯ ಪೊಟ್ಟಣದೊಳಗಿನ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಔಷಧ ಜಗತ್ತಿನಲ್ಲಿ ಎಚ್ಚರಿಕೆಯೊಂದು ಜಾಹೀರಾತಿನಂತೆ ಕೆಲಸ ಮಾಡುವುದು ಇಲ್ಲಿ ಮಾತ್ರ. ‘ನಾಲ್ಕು ಗಂಟೆಯೇ!’ ಎಂದು ಓದಿದವನ ಕಣ್ಣು ಹೊಳೆಯುತ್ತದೆ. ಪ್ರಿಯಾಪಿಸಂ ಎಂಬ ಈ ಸ್ಥಿತಿಯಲ್ಲಿ ಆಸೆಗೂ ನಿಮಿರುವಿಕೆಗೂ ಸಂಬಂಧ ಕಡಿದುಹೋಗಿರುತ್ತದೆ. ಒಳಗೆ ನಿಂತ ರಕ್ತದಲ್ಲಿ ಆಮ್ಲಜನಕ ಮುಗಿಯುತ್ತದೆ, ನೋವು ಏರುತ್ತದೆ, ಅಂಗಾಂಶ ಸಾಯತೊಡಗುತ್ತದೆ. ಕುಡಗೋಲು ಕಣ ರಕ್ತಹೀನತೆ ಇದ್ದವರಲ್ಲಿ, ಖಿನ್ನತೆಗೆ ಕೊಡುವ ಟ್ರಾಜೊಡೋನ್‌ನಂಥ ಕೆಲವು ಮಾತ್ರೆ ನುಂಗುವವರಲ್ಲಿ, ನಿಮಿರುವಿಕೆಗೆಂದು ಚುಚ್ಚಿಕೊಳ್ಳುವವರಲ್ಲಿ ಇದು ಬರುತ್ತದೆ. ಬೇಗ ಹೋದರೆ ಸೂಜಿಯಲ್ಲಿ ರಕ್ತ ಹೀರಿ, ಫಿನೈಲೆಫ್ರಿನ್ ಚುಚ್ಚಿ ಇಳಿಸುತ್ತಾರೆ. ಒಂದೂವರೆ ದಿನ ಹಲ್ಲು ಕಚ್ಚಿ ಕೂತವನಿಗೆ ಮುಂದೆ ಸಹಜ ನಿಮಿರುವಿಕೆ ಮರಳುವ ಆಸೆ ತೀರಾ ಕಡಿಮೆ. ಮಾನ ಉಳಿಸಿಕೊಂಡ ಸಮಾಧಾನ ಮಾತ್ರ ಪೂರ್ತಿ.

ಪ್ಯಾರಾಫೈಮೋಸಿಸ್ ಇನ್ನೂ ಸರಳ, ಆದ್ದರಿಂದಲೇ ಇನ್ನೂ ನಗೆಪಾಟಲು. ಹಿಂದಕ್ಕೆ ಸರಿಸಿದ ಮುಂದೊಗಲು ಮುಂದಕ್ಕೆ ಬಾರದೆ ತುದಿಯ ಹಿಂದೆ ಪಟ್ಟಿಯಂತೆ ಸಿಕ್ಕಿಕೊಂಡು ತುದಿಯೆಲ್ಲ ಬಾಯುತ್ತದೆ. ಬೇಗ ಬಂದರೆ ವೈದ್ಯರು ಮರಗಟ್ಟಿಸುವ ಜೆಲ್ ಹಚ್ಚಿ, ಊತವನ್ನು ಅಂಗೈಯಲ್ಲಿ ಕೆಲವು ನಿಮಿಷ ಒತ್ತಿ ಹಿಡಿದು, ಹೆಬ್ಬೆರಳಿನಿಂದ ತುದಿಯನ್ನು ಒಳಕ್ಕೆ ತಳ್ಳಿ ಚರ್ಮವನ್ನು ಮುಂದಕ್ಕೆ ತರುತ್ತಾರೆ. ನೀರು ಹೀರಿ ಊತ ಇಳಿಸಲೆಂದು ಸಕ್ಕರೆ ಸುರಿಯುವ ಉಪಾಯವೂ ಉಂಟು. ಸಕ್ಕರೆ ಎಂದೊಡನೆ ಮನೆಯಲ್ಲೇ ಡಬ್ಬಿ ತೆರೆಯಬೇಡಿ ಮಹರಾಯರೆ, ಅಲ್ಲಿಗೇ ಹೋಗಿ. ಸೋಮವಾರ ನೋಡೋಣ ಎಂದು ಕೂತವನಿಗೆ ಚರ್ಮ ಸೀಳಬೇಕಾಗಿ ಬಂದೀತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರು ಎನ್ನುವ ಗಾದೆಯನ್ನು ಈತ ಮೈಯಲ್ಲೇ ಬರೆಸಿಕೊಳ್ಳುತ್ತಾನೆ.

ಇದಕ್ಕೆ ಬಲಿಯಾಗುವವರು ಬರೀ ನಾಚುವವರಲ್ಲ, ಹಾಸಿಗೆ ಹಿಡಿದ ಮುದುಕರೂ ಹೌದು. ಮೂತ್ರದ ಕೊಳವೆ ಹಾಕಲು ಮುಂದೊಗಲು ಸರಿಸಿದವರು, ಮುಖ ಬೇರೆ ಕಡೆ ತಿರುಗಿಸಿ ಮರ್ಯಾದೆಯಿಂದ ಕೆಲಸ ಮುಗಿಸಿ, ಅದನ್ನು ಮರಳಿ ಮುಂದಕ್ಕೆ ತರಲು ಮರೆತಿರುತ್ತಾರೆ. ಮಕ್ಕಳ ಪಾಡು ತದ್ವಿರುದ್ಧ. ಹುಟ್ಟಿದ ಗಂಡುಮಗುವಿನ ಮುಂದೊಗಲು ತುದಿಗೆ ಅಂಟಿಕೊಂಡಿರುವುದು ಸಹಜ, ವರ್ಷಗಳು ಉರುಳಿದಂತೆ ತಾನಾಗಿ ಬಿಡುತ್ತದೆ. ತಮ್ಮದರ ಬಗ್ಗೆ ಜೀವಮಾನದಲ್ಲಿ ಬಾಯಿಬಿಡದ ಹಿರಿಯರು ಕೂಸಿನದನ್ನು ಮಾತ್ರ ದಿನಾ ಸ್ನಾನದಲ್ಲಿ ಹಿಡಿದೆಳೆದು ‘ಬಿಡಿಸುವ’ ಹುಮ್ಮಸ್ಸು ತೋರುತ್ತಾರೆ. ಹರಿದು, ಕಲೆಗಟ್ಟಿ, ಆಮೇಲೆ ನಿಜಕ್ಕೂ ಸರಿಯದಂತಾದಾಗ ‘ನಾವು ಆಗಲೇ ಹೇಳಿದ್ದೆವು’ ಎನ್ನುತ್ತಾರೆ.

ಮುರಿತದವರಂತೂ ಕತೆಗಾರರು. ಒಳಗೆ ಮೂಳೆಯಿಲ್ಲ, ಆದರೂ ನಿಮಿರಿದಾಗ ತಪ್ಪಿ ಬಾಗಿದರೆ ಟ್ಯೂನಿಕಾ ಆಲ್ಬುಜಿನಿಯಾ ಎಂಬ ಗಟ್ಟಿ ಪೊರೆ ಹರಿಯುತ್ತದೆ. ‘ಟಪ್’ ಎಂಬ ಸದ್ದು, ತಕ್ಷಣ ಇಳಿಕೆ, ನೋವು, ನೇರಳೆ ಬಣ್ಣದ ಊತ. ತುರ್ತು ವಿಭಾಗದಲ್ಲಿ ಇದಕ್ಕೆ ದೊರೆಯುವ ವಿವರಣೆಗಳೋ! ಬಾಗಿಲು ಬಡಿಯಿತು, ಮಂಚದಿಂದ ಉರುಳಿದೆ, ಮೆಟ್ಟಿಲು ಜಾರಿತು. ಇಂಥ ಬಾಗಿಲು, ಮಂಚಗಳನ್ನು ವೈದ್ಯರು ದಂಡಿಯಾಗಿ ಕಂಡಿದ್ದಾರೆ. ಕೇಳಿಸಿಕೊಂಡು, ಸುಮ್ಮನೆ ಶಸ್ತ್ರಚಿಕಿತ್ಸೆಗೆ ಬರೆಯುತ್ತಾರೆ. ಬೇಗ ಹೊಲಿಸಿಕೊಂಡರೆ ಮುಂದೆ ಸೊಟ್ಟಗಾಗುವ ಸಂಭವ ಕಡಿಮೆ.

ತಪ್ಪೆಲ್ಲ ರೋಗಿಯದೇ ಎಂದರೆ ಅನ್ಯಾಯವಾದೀತು. ಶಾಲೆಯಲ್ಲಿ ಆ ಪಾಠ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದ ಮಾಸ್ತರರಿಂದಲೇ ಪರಂಪರೆ ಶುರು. ಆಸ್ಪತ್ರೆಯ ಕೌಂಟರಿನಲ್ಲಿ ಕೂತವರು ನೂರು ಜನರ ಮುಂದೆ ಏರುದನಿಯಲ್ಲಿ ‘ಏನು ತೊಂದರೆ?’ ಎನ್ನುತ್ತಾರೆ. ಈತ ‘ಜ್ವರ’ ಎಂದು ಬರೆಸುತ್ತಾನೆ. ಒಳಗೆ ಹೋದರೆ ಕೆಲವು ವೈದ್ಯರೂ ಪ್ಯಾಂಟಿನ ಮೇಲಿಂದಲೇ ರೋಗ ಪತ್ತೆ ಹಚ್ಚುವ ದಿವ್ಯದೃಷ್ಟಿ ಉಳ್ಳವರು. ನೋಡದೆ ಬರೆದುಕೊಟ್ಟರು, ತೋರಿಸದೆ ಪಡೆದುಕೊಂಡ, ಇಬ್ಬರಿಗೂ ನಿರಾಳ. ಡಯಾಬಿಟಿಸ್‌ಗೆ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಅದರಿಂದ ಅಲ್ಲಿ ಫಂಗಸ್ ಬೆಳೆಯುವ ಸಂಭವ ಹೆಚ್ಚು. ಬರೆದವರು ಅದನ್ನು ಹೇಳಲಿಲ್ಲ, ನುಂಗಿದವನು ಬಾತಾಗಲೂ ಕೇಳಲಿಲ್ಲ. ಮತ್ತೆ ಮತ್ತೆ ಬ್ಯಾಲನೈಟಿಸ್ ಬರುವುದೇ ಎಷ್ಟೋ ಜನರಿಗೆ ಡಯಾಬಿಟಿಸ್ ಇದೆಯೆಂಬ ಮೊದಲ ಸೂಚನೆ. ಒಂದು ಹನಿ ರಕ್ತದ ಪರೀಕ್ಷೆ ಸಾಕು, ಆದರೆ ಪರೀಕ್ಷೆ ಯಾಕೆ ಎಂದು ಯಾರಾದರೂ ಕೇಳಿಬಿಟ್ಟರೆ?

ಹೃದಯ, ಮೂತ್ರಪಿಂಡ, ಯಕೃತ್ತು ಸೋತಾಗ ಮೈಯಲ್ಲಿ ನೀರು ತುಂಬುವುದುಂಟು. ಪಾದ ಬಾತರೆ ಪ್ಯಾಂಟು ಮಡಚಿ ಎದುರಾದವರಿಗೆಲ್ಲ ತೋರಿಸುವವನು, ಅದೇ ನೀರು ಶಿಶ್ನಕ್ಕೂ ವೃಷಣಚೀಲಕ್ಕೂ ಇಳಿದದ್ದನ್ನು ಸರಕಾರಿ ರಹಸ್ಯದಂತೆ ಕಾಪಾಡುತ್ತಾನೆ.

ಒಂದು ಕಡೆ ಮಾತ್ರ ನಗು ಬರುವುದಿಲ್ಲ. ಮುಂದೊಗಲಿನ ಕೆಳಗೆ ವಾಸಿಯಾಗದ ಹುಣ್ಣು, ಗಂಟು, ದುರ್ವಾಸನೆಯ ಸೋರಿಕೆ ಇದ್ದರೆ ಅದು ಕ್ಯಾನ್ಸರ್ ಇರಬಹುದು. ಅಪರೂಪದ ಕ್ಯಾನ್ಸರ್. ಎಚ್‌ಪಿವಿ ವೈರಸ್, ತಂಬಾಕು, ಸರಿಯದ ಮುಂದೊಗಲು ಅದಕ್ಕೆ ದಾರಿ ಮಾಡಿಕೊಡುತ್ತವೆ. ಬೇಗ ಹೋದರೆ ಅಂಗ ಉಳಿಸಿಕೊಂಡೇ ಗಂಟು ತೆಗೆಯಬಹುದು. ನಾಚಿಕೊಂಡು ತಿಂಗಳುಗಟ್ಟಲೆ ಕೂತವರಲ್ಲಿ ಅದು ತೊಡೆಸಂದಿನ ಗ್ರಂಥಿಗಳಿಗೆ ಇಳಿದಿರಬಹುದು. ಆಗ ಅಂಗವನ್ನೇ ತೆಗೆಯಬೇಕಾಗಬಹುದು.

ಇಷ್ಟೆಲ್ಲ ದಾಟಿ ಕಡೆಗೂ ವೈದ್ಯರ ಮುಂದೆ ಕೂತವನು ಮೊದಲು ಬೆನ್ನುನೋವು ಹೇಳುತ್ತಾನೆ. ಆಮೇಲೆ ನಿದ್ದೆ ಬರುವುದಿಲ್ಲವೆನ್ನುತ್ತಾನೆ. ಚೀಟಿ ಬರೆಸಿಕೊಂಡು ಎದ್ದು, ಬಾಗಿಲ ಹಿಡಿ ತಿರುಗಿಸುತ್ತ, ‘ಅಂದಹಾಗೆ ಡಾಕ್ಟ್ರೇ...’ ಎನ್ನುತ್ತಾನೆ. ಅವರು ವಾಪಸ್ ಕರೆದು ಮಲಗಿಸಿ ಎರಡು ನಿಮಿಷ ನೋಡುತ್ತಾರೆ. ಫಂಗಸ್ಸು, ಸೋಪು ಬಿಡಿ, ಈ ಮುಲಾಮು ಹಚ್ಚಿ, ಸಕ್ಕರೆ ಪರೀಕ್ಷೆ ಮಾಡಿಸಿ, ವಾರದಲ್ಲಿ ಊತ ಪೂರ್ತಿ ಇಳಿಯುತ್ತದೆ ಎನ್ನುತ್ತಾರೆ. ಈತ ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತ ಒಂದು ಕ್ಷಣ ತಡೆದು, ದನಿ ತಗ್ಗಿಸಿ ಕೇಳುತ್ತಾನೆ: ‘ಪೂರ್ತಿ ಇಳಿಯಲೇಬೇಕಾ ಡಾಕ್ಟ್ರೇ? ಒಂಚೂರು ಉಳಿಸಿಕೊಳ್ಳೋಕಾಗಲ್ವಾ?’